ತೆರೆದ ಬಾಗಿಲಿನ ಹತ್ತು ವರ್ಷಗಳು

2014ರ ಸೆಪ್ಟೆಂಬರ್ 30ರಂದು ಗೂಗಲ್ ಸಂಸ್ಥೆ ತನ್ನ ಆರ್ಕುಟ್ ಜಾಲತಾಣವನ್ನು ಮುಚ್ಚಿತು. ಮೂರು ತಿಂಗಳ ಮೊದಲೇ, ಜೂನ್ 30ರಂದು, ಅದನ್ನು ಸಾರಿಯೂ ಇತ್ತು. ಕೋಟ್ಯಂತರ ಭಾರತೀಯರು ಒಂದು ಕಾಲಕ್ಕೆ ಹಗಲಿರುಳು ಬೀಡುಬಿಟ್ಟಿದ್ದ ತಾಣವದು. ಆದರೆ ಅದರ ಅಂತ್ಯಕ್ಕೆ ನಮ್ಮ ದೇಶದಲ್ಲಿ ಹೇಳಿಕೊಳ್ಳುವಂಥ ಗದ್ದಲವಾಗಲಿಲ್ಲ. ಹೋಗಬೇಕಾದವರೆಲ್ಲ ಎಂದೋ ಹೊರಟುಹೋಗಿದ್ದರು. ಉಳಿದದ್ದು ಖಾಲಿ ಮನೆಯ ಬಾಗಿಲಿಗೆ ಬೀಗ ಹಾಕುವ ಕೆಲಸ ಮಾತ್ರ.

ಸಾಮಾಜಿಕ ಜಾಲತಾಣಗಳ ಬಗೆಗಿನ ಉತ್ಸಾಹ ಇಳಿದಿದೆ ಎಂಬ ಮಾತು ಈಗ ನಮ್ಮ ನಡುವೆ ಪದೇ ಪದೇ ಕೇಳಿಬರುತ್ತಿದೆ. ಮೊದಲಿನಂತೆ ಬರೆಯಬೇಕೆನಿಸುವುದಿಲ್ಲ, ಓದಬೇಕೆನಿಸುವುದಿಲ್ಲ, ಆದರೂ ಬೆರಳು ತಾನಾಗಿ ಪರದೆಯ ಮೇಲೆ ಸರಿಯುತ್ತಿರುತ್ತದೆ ಎಂಬುದು ನಲವತ್ತು ದಾಟಿದ ನಮ್ಮೆಲ್ಲರ ಸಾಮಾನ್ಯ ದೂರು. ಈ ದೂರನ್ನು ವಯಸ್ಸಿನ ಲೆಕ್ಕಕ್ಕೆ ಬರೆದು ಕೈತೊಳೆದುಕೊಳ್ಳುವುದು ಸುಲಭ. ಆದರೆ ಇಳಿದದ್ದು ಯಾವ ಉತ್ಸಾಹ ಎಂಬುದನ್ನು ವಿಚಾರಿಸಬೇಕಾದರೆ ಅದು ಏರಿದ ಕಾಲವನ್ನು ಸ್ವಲ್ಪ ನಿಧಾನವಾಗಿ ನೋಡಬೇಕಾಗುತ್ತದೆ. ಹೊರನಾಡ ಕನ್ನಡಿಗರಾದ ನಮಗೆ ಆ ಕಾಲದಲ್ಲಿ ದೊರೆತದ್ದು, ಬೆಂಗಳೂರು ಮೈಸೂರಿನವರಿಗೆ ದೊರೆತದ್ದಕ್ಕಿಂತ ಬೇರೆಯೇ ಆಗಿತ್ತು ಎಂಬುದು ನಮ್ಮ ಅಭಿಪ್ರಾಯ.

ಉತ್ಸಾಹ ಇಳಿದದ್ದು ಇದೇ ಮೊದಲ ಸಲವೂ ಅಲ್ಲ. 1979ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಾದ ಟಾಮ್ ಟ್ರಸ್ಕಾಟ್ ಮತ್ತು ಜಿಮ್ ಎಲ್ಲಿಸ್ ಎಂಬ ಇಬ್ಬರು ಯೂಸ್‌ನೆಟ್ ಎಂಬ ವ್ಯವಸ್ಥೆಯನ್ನು ಕಲ್ಪಿಸಿದರು. ಒಂದು ವಿಶ್ವವಿದ್ಯಾಲಯದ ಗಣಕ ಇನ್ನೊಂದರ ಗಣಕಕ್ಕೆ ಟೆಲಿಫೋನ್ ಮೂಲಕ ಕರೆಮಾಡಿ ಸಂದೇಶಗಳನ್ನು ದಾಟಿಸುವುದು ಅದರ ಕ್ರಮ. ವಿಷಯವಾರು ಗುಂಪುಗಳು, ಯಾರು ಬೇಕಾದರೂ ಓದಿ ಉತ್ತರಿಸಬಹುದಾದ ಬರಹಗಳು. ಪ್ರತಿ ವರ್ಷ ಸೆಪ್ಟೆಂಬರಿನಲ್ಲಿ ವಿಶ್ವವಿದ್ಯಾಲಯಗಳು ತೆರೆದಾಗ ಹೊಸ ವಿದ್ಯಾರ್ಥಿಗಳ ಹಿಂಡು ನುಗ್ಗುತ್ತಿತ್ತು. ಹಳಬರು ಒಂದೆರಡು ತಿಂಗಳು ಗೊಣಗಿ, ತಿದ್ದಿ, ಅವರಿಗೆ ಅಲ್ಲಿನ ರೀತಿರಿವಾಜು ಕಲಿಸುತ್ತಿದ್ದರು. 1993ರ ಸುಮಾರಿಗೆ ಅಮೆರಿಕಾ ಆನ್‌ಲೈನ್‌ನಂಥ ವಾಣಿಜ್ಯ ಸಂಸ್ಥೆಗಳು ತಮ್ಮ ಚಂದಾದಾರರಿಗೆಲ್ಲ ಆ ಬಾಗಿಲನ್ನು ತೆರೆಯಲು ಆರಂಭಿಸಿದ ಮೇಲೆ ಹೊಸಬರ ಹೊಳೆ ನಿಲ್ಲಲೇ ಇಲ್ಲ. ಹಳಬರು ಆ ಕಾಲವನ್ನು ಮುಗಿಯದ ಸೆಪ್ಟೆಂಬರ್ ಎಂದು ಕರೆದು ಕೊರಗಿದರು.

ಈ ಕೊರಗು ನಮಗೂ ಪರಿಚಿತವೇ. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಅಂತರ್ಜಾಲ ಅಗ್ಗವಾದಾಗ ನಮ್ಮ ನಡುವಿನ ಸುಶಿಕ್ಷಿತರು ಆಡಿಕೊಂಡದ್ದೂ ಇದೇ ಧಾಟಿಯಲ್ಲಿ: ಎಲ್ಲರೂ ಬಂದರು, ಎಲ್ಲವೂ ಕೆಟ್ಟಿತು. (ತಿಂಗಳು ಕೂಡ ಅದೇ ಎಂಬುದು ಕಾಕತಾಳೀಯ.) ಹೊಸಬರ ಮೇಲೆ ಹೊರಿಸುವ ಈ ಆರೋಪವನ್ನು ನಾವು ಒಪ್ಪುವುದಿಲ್ಲ. ಆರ್ಕುಟ್ಟನ್ನು ಬೆಳೆಸಿದವರು ಹೊಸಬರೇ. ಅದರ ಸೊಗಸಿದ್ದದ್ದೂ ಅವರಲ್ಲಿಯೇ.

ಗೂಗಲ್ ಸಂಸ್ಥೆಯ ತುರ್ಕಿ ಮೂಲದ ತಂತ್ರಜ್ಞ ಆರ್ಕುಟ್ ಬುಯುಕ್ಕೊಕ್ಟೆನ್ ರೂಪಿಸಿದ ಆ ತಾಣ 2004ರ ಜನವರಿಯಲ್ಲಿ ಆರಂಭವಾಯಿತು. ಮೊದಲಲ್ಲಿ ಅದರೊಳಗೆ ಪ್ರವೇಶಿಸಲು ಒಳಗಿರುವ ಯಾರಾದರೊಬ್ಬರ ಆಹ್ವಾನ ಬೇಕಿತ್ತು. ಅಮೆರಿಕನ್ನರಿಗಾಗಿ ಕಟ್ಟಿದ ಆ ಮನೆಯನ್ನು ತುಂಬಿಕೊಂಡವರು ಬ್ರೆಜಿಲಿನವರು ಮತ್ತು ಭಾರತೀಯರು. ಕನ್ನಡಿಗರೊಬ್ಬರು ಲಕ್ಷಣವಾಗಿ ಹಬ್ಬದ ಶುಭಾಶಯ ಕೋರಿದ ಪುಟದ ಕೆಳಗೆ ಪೋರ್ಚುಗೀಸ್ ಭಾಷೆಯ ಉದ್ಗಾರಗಳು ಬಂದು ಬೀಳುತ್ತಿದ್ದವು. 2008ರಲ್ಲಿ ಗೂಗಲ್ ಅದರ ಆಡಳಿತವನ್ನೇ ಬ್ರೆಜಿಲಿನ ಬೆಲೊ ಒರಿಜೊಂಟೆ ನಗರದ ಕಚೇರಿಗೆ ವರ್ಗಾಯಿಸಿತು. ವರ್ಗಾವಣೆಯ ಆದೇಶ ನಮ್ಮಂಥವರಿಗೆ ಮಾತ್ರವಲ್ಲ, ಜಾಲತಾಣಗಳಿಗೂ ಬರುತ್ತದೆ ಎಂದು ನಮ್ಮ ಕಚೇರಿಯ ಮಿತ್ರರೊಬ್ಬರು ಆಗ ನಕ್ಕಿದ್ದರು.

ಆ ವೇಳೆಗೆ ಗಣಕದಲ್ಲಿ ಕನ್ನಡದ ದಾರಿ ಒಂದಿಷ್ಟು ಸವೆದಿತ್ತು. ಯು. ಬಿ. ಪವನಜ ಅವರ 'ವಿಶ್ವಕನ್ನಡ' 1996ರಷ್ಟು ಹಿಂದೆಯೇ ಅಂತರ್ಜಾಲದಲ್ಲಿ ಕಾಣಿಸಿಕೊಂಡಿತ್ತು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ತಂತ್ರಾಂಶ ಬಂದು ಸಾಮಾನ್ಯರ ಕೈಗೆ ಕನ್ನಡ ಟೈಪಿಂಗ್ ಸಿಕ್ಕಿತ್ತು. ಯೂನಿಕೋಡ್ ನೆಲೆಯೂರುತ್ತಿದ್ದ 2005ರಲ್ಲಿ ಹರಿಪ್ರಸಾದ್ ನಾಡಿಗರ 'ಸಂಪದ' ಆರಂಭವಾಯಿತು. ಆದರೆ ಸೈಬರ್ ಕೆಫೆಯಲ್ಲಿ ಗಂಟೆಯ ಲೆಕ್ಕದಲ್ಲಿ ಹಣ ತೆತ್ತು ಕುಳಿತವನಿಗೆ ಇವೆಲ್ಲ ದೂರದ ಮಾತು. ಆ ಗಣಕಗಳಲ್ಲಿ ಕನ್ನಡ ತೆರೆದರೆ ಚೌಕಟ್ಟುಗಳ ಸಾಲು ಕಾಣಿಸುತ್ತಿತ್ತು. ಹೀಗಾಗಿ ಆರ್ಕುಟ್ಟಿನ ಕನ್ನಡ ಬಹುಮಟ್ಟಿಗೆ ರೋಮನ್ ಲಿಪಿಯ ಕನ್ನಡ. ಅದರಲ್ಲಿ ಳಕಾರ ಲಕಾರಗಳ ಭೇದವಿಲ್ಲದೆ, ಬರೆದಾತ ನೆನೆಯುತ್ತಿರುವುದು ತನ್ನ ಹಳ್ಳಿಯನ್ನೋ ಗೋಡೆಯ ಮೇಲಿನ ಹಲ್ಲಿಯನ್ನೋ ಎಂಬುದನ್ನು ಸಂದರ್ಭದಿಂದಲೇ ಊಹಿಸಬೇಕಿತ್ತು. ವ್ಯಾಕರಣಪ್ರಿಯರು ಮೂಗು ಮುರಿದರು. ಸಂಭಾಷಣೆ ಮಾತ್ರ ನಿಲ್ಲಲಿಲ್ಲ.

ಆರ್ಕುಟ್ಟಿನ ಒಳರಚನೆಯನ್ನು ಇಂದಿನ ಓದುಗರಿಗೆ ವಿವರಿಸಬೇಕಾದೀತು. ಪ್ರತಿಯೊಬ್ಬನಿಗೂ ಒಂದು ಸ್ಕ್ರ್ಯಾಪ್‌ಬುಕ್. ಅದರಲ್ಲಿ ಬೇರೆಯವರು ಬರೆದುಹೋದದ್ದನ್ನು ಮೊದಲ ವರ್ಷಗಳಲ್ಲಿ ಯಾರು ಬೇಕಾದರೂ ಓದಬಹುದಿತ್ತು. ಮಿತ್ರರ ವಿಶ್ವಾಸಾರ್ಹತೆಗೆ ಮುಗುಳ್ನಗೆಯ ಮುಖ, ಠೀವಿಗೆ ಮಂಜುಗಡ್ಡೆ, ಚೆಲುವಿಗೆ ಹೃದಯದ ಚಿಹ್ನೆ ಕೊಟ್ಟು ಅಂಕ ಹಾಕುವ ಎಳಸು ಏರ್ಪಾಡೂ ಇತ್ತು. ಟೆಸ್ಟಿಮೋನಿಯಲ್ ಎಂಬ ಪ್ರಶಂಸಾಪತ್ರವನ್ನು ಪಡೆದವನು ಒಪ್ಪಿದರೆ ಮಾತ್ರ ಪ್ರಕಟವಾಗುತ್ತಿದ್ದುದರಿಂದ, ಗುಟ್ಟಿನ ಮಾತನ್ನು ಅದರಲ್ಲಿ ಬರೆದು, ಕೊನೆಗೆ 'ಒಪ್ಪಬೇಡ' ಎಂದು ಸೇರಿಸಿ ಕಳಿಸುವ ಉಪಾಯವನ್ನು ಜನರೇ ಕಂಡುಹಿಡಿದರು. ಇವೆಲ್ಲ ಅಲಂಕಾರ. ನಿಜವಾದ ಜೀವ ಇದ್ದದ್ದು ಸಮುದಾಯಗಳಲ್ಲಿ. ಒಂದು ಹೆಸರು, ಒಂದು ಚಿತ್ರ, ಅದರ ಕೆಳಗೆ ಚರ್ಚೆಯ ವಿಷಯಗಳ ಸಾಲು. ಯಾರು ಬೇಕಾದರೂ ಒಂದು ಸಮುದಾಯ ಆರಂಭಿಸಬಹುದಿತ್ತು. ಬಹುಪಾಲು ಸಮುದಾಯಗಳ ಮಾತನ್ನು ಹೊಸ್ತಿಲಲ್ಲಿ ನಿಂತೇ ಕೇಳಬಹುದಿತ್ತು.

ದೆಹಲಿಗೋ ಪುಣೆಗೋ ಹೈದರಾಬಾದಿಗೋ ಉದ್ಯೋಗದ ನಿಮಿತ್ತ ಬಂದಿಳಿದ ಕನ್ನಡಿಗನಿಗೆ ಇದು ಏನಾಗಿತ್ತು ಎಂಬುದನ್ನು ನೆನೆಯಬೇಕು. ಹೊರನಾಡಿನ ಸಂಘಗಳು ಹಳೆಯವು, ಗೌರವಾರ್ಹವಾದವು. ಮುಂಬಯಿಯ ಮಾಟುಂಗಾದಲ್ಲಿರುವ ಮೈಸೂರು ಅಸೋಸಿಯೇಷನ್ 1926ರಷ್ಟು ಹಿಂದಿನದು. ಆದರೆ ಸಂಘವನ್ನು ಸೇರಲು ಸಂಘದವರೊಬ್ಬರ ಪರಿಚಯವಿರಬೇಕು, ಸಂಘವಿರುವ ಬಡಾವಣೆ ಹತ್ತಿರವಿರಬೇಕು, ರಾಜ್ಯೋತ್ಸವದ ದಿನ ರಜೆಯಿರಬೇಕು. ಪಿಂಪ್ರಿಯ ಬಾಡಿಗೆ ಕೋಣೆಯಲ್ಲಿಯೋ ನೋಯ್ಡಾದ ನಾಲ್ಕನೆಯ ಮಹಡಿಯಲ್ಲಿಯೋ ಇರುವ ಇಪ್ಪತ್ತೈದರ ತರುಣನಿಗೆ ಪಕ್ಕದ ಕಟ್ಟಡದಲ್ಲಿ ಕನ್ನಡ ಮನೆಯೊಂದಿದೆ ಎಂದು ತಿಳಿಯುವ ಬಗೆ ಯಾವುದು? ಬಸ್ಸಿನಲ್ಲಿ ಯಾರೋ ಫೋನಿನಲ್ಲಿ ಕನ್ನಡ ಆಡಿದ್ದು ಕಿವಿಗೆ ಬಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಊರಿನಲ್ಲಿರುವವನಿಗೆ ಅಪರಿಚಿತ ಎಂದರೆ ಅಪರಿಚಿತನಷ್ಟೇ. ಪರಊರಿನಲ್ಲಿರುವವನಿಗೆ ಅಪರಿಚಿತರ ನಡುವೆಯೇ ತನ್ನವರು ಅಡಗಿರುತ್ತಾರೆ. ಇಂಥ ಊರಿನ ಕನ್ನಡಿಗರು ಎಂಬ ಹೆಸರಿನ ಸಮುದಾಯವೊಂದು ಅಷ್ಟು ಹೊತ್ತಿಗೆ ಸಾವಿರ ಮುಖಗಳನ್ನು ಒಟ್ಟಿಗೆ ತೋರಿಸಿತು. ಬ್ಯಾಡಗಿ ಮೆಣಸಿನಕಾಯಿ ಐಎನ್‌ಎ ಮಾರುಕಟ್ಟೆಯ ಯಾವ ಅಂಗಡಿಯಲ್ಲಿದೆ, 'ಮುಂಗಾರು ಮಳೆ' ಯಾವ ಚಿತ್ರಮಂದಿರಕ್ಕೆ ಬರುತ್ತದೆ, ಮಗುವಿಗೆ ಕನ್ನಡ ಅಕ್ಷರ ಕಲಿಸುವವರು ಯಾರಾದರೂ ಇದ್ದಾರೆಯೇ, ಸತ್ಯನಾರಾಯಣ ಪೂಜೆಗೆ ಕನ್ನಡ ಬಲ್ಲ ಪುರೋಹಿತರು ಸಿಕ್ಕಾರೆ ಎಂಬ ಪ್ರಶ್ನೆಗಳ ಜೊತೆಗೇ ಕಾರಂತರ ಕಾದಂಬರಿ ಹೆಚ್ಚೋ ಕುವೆಂಪು ಕಾದಂಬರಿ ಹೆಚ್ಚೋ ಎಂಬ, ಎಂದೂ ತೀರದ ವ್ಯಾಜ್ಯವೂ ನಡೆಯುತ್ತಿತ್ತು. ಬೆಳಗಾವಿಯ ಪ್ರಶ್ನೆ ಎದ್ದ ದಿನವಂತೂ ಮಹಾರಾಷ್ಟ್ರದಲ್ಲಿರುವ ನಮ್ಮವರು ಬೆಂಗಳೂರಿನ ವೀರರಿಗೆ 'ಸ್ವಲ್ಪ ಮೆಲ್ಲಗೆ, ನಾವು ಇಲ್ಲಿ ಬಾಳಬೇಕು' ಎಂದು ಕೈಮುಗಿಯಬೇಕಾಗುತ್ತಿತ್ತು.

ಆ ಕೈಮುಗಿತದ ಹಿಂದೆ ನಿಜವಾದ ಭಯವೇ ಇತ್ತು. ಶಿವಾಜಿ ಮಹಾರಾಜರನ್ನು ಕುರಿತ ಅವಹೇಳನಕರ ಬರಹಗಳು ಆರ್ಕುಟ್ಟಿನಲ್ಲಿ ಕಾಣಿಸಿಕೊಂಡವೆಂದು 2006ರಲ್ಲಿ ಪುಣೆಯಲ್ಲಿ ಗಲಭೆಯಾಯಿತು. ಮರುವರ್ಷ ಸೈಬರ್ ಕೆಫೆಗಳ ಮೇಲೆ ದಾಳಿಗಳಾದವು. 2007ರ ಆಗಸ್ಟಿನಲ್ಲಿ ಪುಣೆಯ ಪೊಲೀಸರು ಇಂಥದ್ದೇ ಒಂದು ಚಿತ್ರದ ಸಂಬಂಧ ಬೆಂಗಳೂರಿನಲ್ಲಿದ್ದ ತಂತ್ರಾಂಶ ಉದ್ಯೋಗಿಯೊಬ್ಬನನ್ನು ಬಂಧಿಸಿ ಕರೆದೊಯ್ದರು. ಅಂತರ್ಜಾಲ ಸಂಪರ್ಕ ನೀಡುವ ಕಂಪನಿ ಕೊಟ್ಟ ಐಪಿ ವಿಳಾಸದ ಮಾಹಿತಿಯೇ ತಪ್ಪಾಗಿತ್ತು. ಏನೂ ಅರಿಯದ ಆತ ಸುಮಾರು 50 ದಿನ ಸೆರೆಮನೆಯಲ್ಲಿದ್ದು ಹೊರಬಂದ. ಬಾಗಿಲು ತೆರೆದಿಟ್ಟ ಮನೆಗೆ ಯಾರು ಬೇಕಾದರೂ ಬರಬಹುದು, ಪೊಲೀಸರೂ ಬರಬಹುದು ಎಂಬ ಅರಿವು ಬಂದ ಮೇಲೆ ಎಷ್ಟೋ ಮಂದಿ ತಮ್ಮ ನಿಜವಾದ ಹೆಸರನ್ನು ಅಳಿಸಿ ಮಿಂಚು, ಮಲೆನಾಡಿಗ, ಒಂಟಿಸಲಗ ಎಂಬ ಕಾವ್ಯನಾಮಗಳನ್ನು ಧರಿಸಿದರು.

ಹೆಣ್ಣುಮಕ್ಕಳು ತೆತ್ತ ಬೆಲೆ ಇದಕ್ಕಿಂತ ಹೆಚ್ಚಿನದು. ಅವರ ಭಾವಚಿತ್ರಗಳನ್ನು ಕದ್ದು ನಕಲಿ ಪುಟಗಳನ್ನು ಸೃಷ್ಟಿಸಿ ಫೋನ್ ಸಂಖ್ಯೆ ಹಾಕುವ ಪ್ರಕರಣಗಳು ಆ ವರ್ಷಗಳ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ವರದಿಯಾದವು. ಗೊತ್ತಿಲ್ಲದವರು ಸ್ನೇಹ ಬಯಸಿ ಸ್ಕ್ರ್ಯಾಪ್ ಬರೆಯುವ ಕಾಟಕ್ಕೆ ಕೊನೆಯಿರಲಿಲ್ಲ. ಮೊದಲು ಭಾವಚಿತ್ರದ ಜಾಗದಲ್ಲಿ ಗುಲಾಬಿಯೋ ಗೊಂಬೆಯೋ ಬಂದು ಕುಳಿತಿತು. ಆಮೇಲೆ ಪುಟವೇ ಮಾಯವಾಯಿತು. ಆರ್ಕುಟ್ಟಿನ ಅವನತಿಯನ್ನು ಬರೆಯುವವರು ಇದನ್ನು ಒಂದು ಸಾಲಿನಲ್ಲಿ ಮುಗಿಸುತ್ತಾರೆ. ನಮಗೆ ಇದೇ ಮುಖ್ಯ ಕಾರಣಗಳಲ್ಲೊಂದು ಎನಿಸುತ್ತದೆ. ಹರಟೆಕಟ್ಟೆಯಿಂದ ಹೆಂಗಸರು ಎದ್ದುಹೋದ ಮೇಲೆ ಉಳಿದ ಗಂಡಸರ ಮಾತು ಎಷ್ಟು ದಿನ ಸ್ವಾರಸ್ಯವಾಗಿದ್ದೀತು?

ಫೇಸ್‌ಬುಕ್ ಗೆದ್ದದ್ದು ಈ ಗಾಯದ ಜಾಗದಲ್ಲಿ. ಅದು 2004ರ ಫೆಬ್ರವರಿಯಲ್ಲಿ ಹಾರ್ವರ್ಡ್ ವಿದ್ಯಾರ್ಥಿಗಳಿಗೆ ಮಾತ್ರವೆಂದು ಆರಂಭವಾದದ್ದು. ಎಲ್ಲರಿಗೂ ತೆರೆದದ್ದು 2006ರ ಸೆಪ್ಟೆಂಬರಿನಲ್ಲಿ. ಅಲ್ಲಿ ಮೊದಲಿನಿಂದಲೂ ಬೇಲಿಯಿತ್ತು: ನಾವು ಒಪ್ಪಿದವರಿಗೇ ನಮ್ಮ ಅಂಗಳ. ಕಾಮ್‌ಸ್ಕೋರ್ ಎಂಬ ಅಳತೆಯ ಸಂಸ್ಥೆ 2010ರ ಜುಲೈ ತಿಂಗಳಿಗೆ ಕೊಟ್ಟ ಲೆಕ್ಕದಂತೆ ಭಾರತದಲ್ಲಿ ಫೇಸ್‌ಬುಕ್ ನೋಡಿದವರು 2 ಕೋಟಿ 9 ಲಕ್ಷ, ಆರ್ಕುಟ್ ನೋಡಿದವರು 1 ಕೋಟಿ 99 ಲಕ್ಷ. ಹಿಂದಿಕ್ಕುವಿಕೆ ನಡೆದದ್ದು ಆಗಲೇ. ಈ ಅಂಕಿಗಳಲ್ಲಿ ಎರಡು ಸಂಗತಿಗಳನ್ನು ಸಾಮಾನ್ಯವಾಗಿ ಯಾರೂ ಗಮನಿಸುವುದಿಲ್ಲ. ಆ ಒಂದು ವರ್ಷದಲ್ಲಿ ಆರ್ಕುಟ್ ಕೂಡ ಶೇ. 16ರಷ್ಟು ಬೆಳೆದಿತ್ತು, ಸೋತ ದಿನ ಅದು ಸೊರಗಿರಲಿಲ್ಲ. ಇನ್ನೊಂದು, ಆ ಅಳತೆ ಮನೆ ಮತ್ತು ಕಚೇರಿಗಳ ಗಣಕಗಳಿಗೆ ಸೀಮಿತವಾಗಿತ್ತು. ಸೈಬರ್ ಕೆಫೆಗಳು ಅದರ ಎಣಿಕೆಗೆ ಸೇರಿರಲಿಲ್ಲ. ಎಂದರೆ, ಮನೆಯಲ್ಲಿ ಗಣಕವಿಲ್ಲದವರ, ಗಂಟೆಗಿಷ್ಟು ಎಂದು ತೆತ್ತು ಕುಳಿತವರ ಆರ್ಕುಟ್ ಲೆಕ್ಕಕ್ಕೆ ಬಂದೇ ಇರಲಿಲ್ಲ. ಆದರೆ ಸೋತಿತೆಂಬ ಸುದ್ದಿಗೆ ತನ್ನದೇ ಒಂದು ಬಲವಿರುತ್ತದೆ. ಇಂಗ್ಲಿಷ್ ಚೆನ್ನಾಗಿ ಬಲ್ಲವರು ಫೇಸ್‌ಬುಕ್ಕಿಗೆ ಹೋದರೆಂದು ಉಳಿದವರೂ ಗಂಟುಮೂಟೆ ಕಟ್ಟಿದರು. ಅದೇ ಸೆಪ್ಟೆಂಬರಿನಲ್ಲಿ ಪೋರ್ಚುಗೀಸಿನಲ್ಲಿ ಶುಭ ಶನಿವಾರ ಎಂದು ಹಾರೈಸುವ ಹುಳುವೊಂದು ಆರ್ಕುಟ್ಟಿನ ಪುಟಪುಟಕ್ಕೂ ಹರಿದಾಡಿ, ಇದ್ದ ಅಲ್ಪಸ್ವಲ್ಪ ವಿಶ್ವಾಸವನ್ನೂ ಕೆಡಿಸಿತು. ಬ್ರೆಜಿಲಿನವರು ಇನ್ನೂ ಒಂದು ವರ್ಷಕ್ಕೂ ಮಿಗಿಲಾಗಿ ಹಳೆಯ ಮನೆಗೆ ನಿಷ್ಠರಾಗಿದ್ದರು. 2011ರ ಡಿಸೆಂಬರಿನ ಹೊತ್ತಿಗೆ ಅಲ್ಲಿಯೂ ಫೇಸ್‌ಬುಕ್ ಮುಂದಾಯಿತು.

ಹೊಸ ಮನೆಯಲ್ಲಿ ಒಂದು ಮುಖ್ಯ ವ್ಯತ್ಯಾಸವಿತ್ತು. ಆರ್ಕುಟ್ಟಿನಲ್ಲಿ ವಿಷಯವಿರುವ ಕಡೆಗೆ ನಾವು ನಡೆದುಹೋಗಬೇಕಿತ್ತು. 2006ರ ಸೆಪ್ಟೆಂಬರ್ 5ರಂದು ಫೇಸ್‌ಬುಕ್ ಜಾರಿಗೆ ತಂದ ನ್ಯೂಸ್ ಫೀಡ್‌ನಲ್ಲಿ ಎಲ್ಲವೂ ಕುಳಿತಲ್ಲಿಗೇ ಬಂದು ಬೀಳತೊಡಗಿತು. ಅಂದು ಲಕ್ಷಾಂತರ ವಿದ್ಯಾರ್ಥಿಗಳು ಅದನ್ನು ಪ್ರತಿಭಟಿಸಿದರು ಎಂಬುದು ಈಗ ಯಾರಿಗೂ ನೆನಪಿಲ್ಲ. 2009ರ ಫೆಬ್ರವರಿಯಲ್ಲಿ ಲೈಕ್ ಗುಂಡಿ ಬಂತು. ಉತ್ತರ ಬರೆಯಬೇಕಾದ ಕಡೆ ಹೆಬ್ಬೆರಳು ಒತ್ತಿದರೆ ಸಾಕಾಯಿತು. ಬರೆಯುವವರು ಕೆಲವರು, ನೋಡುವವರು ಹಲವರು ಎಂಬ ಹಳೆಯ ವ್ಯವಸ್ಥೆ ಹೊಸ ವೇಷದಲ್ಲಿ ಮರಳಿತು. 2018ರ ಜನವರಿಯಲ್ಲಿ ಫೇಸ್‌ಬುಕ್ ಸಂಸ್ಥೆಯೇ, ಜನರು ಸುಮ್ಮನೆ ನೋಡುತ್ತ ಕೂರುವುದಕ್ಕಿಂತ ಪರಸ್ಪರ ಮಾತನಾಡುವಂತಾಗಬೇಕು ಎಂದು ತನ್ನ ಫೀಡನ್ನು ಬದಲಾಯಿಸುವುದಾಗಿ ಸಾರಬೇಕಾಯಿತು. ಮಾತು ಅಷ್ಟರಲ್ಲಿ ಬೇರೆಡೆಗೆ ಹೋಗಿಯಾಗಿತ್ತು: ವಾಟ್ಸಾಪಿನ ಗುಂಪುಗಳಿಗೆ.

ಇಂಗ್ಲಿಷ್ ಸಾಹಿತ್ಯವನ್ನು ಓದಿದವರಿಗೆ ಈ ಕಥೆಯನ್ನು ಎಲ್ಲಿಯೋ ಕೇಳಿದಂತೆನಿಸುವುದು ಸಹಜ. 1652ರಲ್ಲಿ ಪಾಸ್ಕ್ವಾ ರೋಸೆ ಎಂಬಾತ ಲಂಡನ್ನಿನ ಸೇಂಟ್ ಮೈಕೇಲ್ ಓಣಿಯಲ್ಲಿ ಆ ನಗರದ ಮೊದಲ ಕಾಫಿ ಅಂಗಡಿಯನ್ನು ತೆರೆದ. ಒಂದು ಪೆನ್ನಿ ಕೊಟ್ಟವನು ಯಾವ ಮೇಜಿನ ಬಳಿ ಬೇಕಾದರೂ ಕುಳಿತು ಯಾರ ಮಾತಿಗೆ ಬೇಕಾದರೂ ಮಾತು ಸೇರಿಸಬಹುದಿತ್ತು. (ಗಿರಾಕಿಗಳಲ್ಲಿ ಹೆಂಗಸರು ಇರಲಿಲ್ಲವೆಂಬುದೇ ಎನ್ನಬಹುದು, ತೆರೆದ ಬಾಗಿಲುಗಳ ಚರಿತ್ರೆಯಲ್ಲಿ ಈ ಕಳಂಕ ಹೊಸದಲ್ಲ.) 1675ರ ಡಿಸೆಂಬರ್ ಕೊನೆಯಲ್ಲಿ ಎರಡನೆಯ ಚಾರ್ಲ್ಸ್ ದೊರೆ ಇವೆಲ್ಲ ರಾಜದ್ರೋಹದ ಬೀಡುಗಳೆಂದು ಮುಚ್ಚಲು ಆಜ್ಞೆ ಹೊರಡಿಸಿದ, ಎದ್ದ ಕೂಗಿಗೆ ಹೆದರಿ ಕೆಲವೇ ದಿನಗಳಲ್ಲಿ ಹಿಂದೆಗೆದುಕೊಂಡ. 1709ರಲ್ಲಿ ರಿಚರ್ಡ್ ಸ್ಟೀಲ್ ಆರಂಭಿಸಿದ 'ಟ್ಯಾಟ್ಲರ್' ಪತ್ರಿಕೆಯಲ್ಲಿ ಕಾವ್ಯದ ಸುದ್ದಿ ವಿಲ್ಸ್ ಕಾಫಿ ಅಂಗಡಿಯ ವಿಳಾಸದಿಂದ, ಪಾಂಡಿತ್ಯದ ಸುದ್ದಿ ಗ್ರೀಷಿಯನ್‌ನಿಂದ, ವಿದೇಶದ ಸುದ್ದಿ ಸೇಂಟ್ ಜೇಮ್ಸ್‌ನಿಂದ ಬರುವುದೆಂದು ವಿಂಗಡಿಸಲಾಗಿತ್ತು. ಆರ್ಕುಟ್ಟಿನ ಸಮುದಾಯಗಳ ಪಟ್ಟಿಯನ್ನು ಕಂಡವರಿಗೆ ಇದು ಹೊಸತೇನಲ್ಲ. 1713ರಲ್ಲಿ ಬಟನ್ಸ್ ಕಾಫಿ ಅಂಗಡಿಯಲ್ಲಿ ಅಡಿಸನ್ ಒಂದು ಸಿಂಹದ ತಲೆಯ ಪೆಟ್ಟಿಗೆ ಇರಿಸಿದ; ಓದುಗರು ಅದರ ಬಾಯಿಗೆ ತಮ್ಮ ಪತ್ರಗಳನ್ನು ಹಾಕಿಹೋಗುತ್ತಿದ್ದರು.

ಆ ಕಾಫಿ ಅಂಗಡಿಗಳಿಗೆ ಆದದ್ದೇನು? ಒಮ್ಮೆಗೇ ಯಾವುದೂ ಮುಚ್ಚಲಿಲ್ಲ. ಅನುಕೂಲಸ್ಥರಾದ ಗಿರಾಕಿಗಳಿಗೆ ಗೊತ್ತುಗುರಿಯಿಲ್ಲದವರ ಜೊತೆ ಕೂರುವುದು ಬೇಸರವಾಯಿತು. ವೈಟ್ಸ್ ಎಂಬ ಚಾಕೊಲೇಟ್ ಅಂಗಡಿ ಸದಸ್ಯರಿಗೆ ಮಾತ್ರ ಎಂಬ ಕ್ಲಬ್ ಆಯಿತು. ಲಾಯ್ಡ್ಸ್ ಎಂಬ ಕಾಫಿ ಅಂಗಡಿ ಹಡಗು ವಿಮೆಯ ವ್ಯಾಪಾರಿಗಳ ಸಂಸ್ಥೆಯಾಯಿತು. ಮಾತುಕತೆ ಮುಂದುವರಿಯಿತು, ಕದ ಮುಚ್ಚಿಕೊಂಡು. ನಮ್ಮ ವಾಟ್ಸಾಪ್ ಗುಂಪುಗಳು ಇಂಥ ಕ್ಲಬ್ಬುಗಳೇ. ಅವುಗಳಲ್ಲಿ ಸ್ನೇಹವುಂಟು, ನೆರವುಂಟು. ಕೋವಿಡ್ ಕಾಲದಲ್ಲಿ ಅವು ಎಷ್ಟೋ ಮನೆಗಳಿಗೆ ಊಟವನ್ನೂ ಆಮ್ಲಜನಕವನ್ನೂ ತಲುಪಿಸಿದ್ದನ್ನು ಮರೆಯುವಂತಿಲ್ಲ. ಆದರೆ ನಿನ್ನೆ ಈ ನಗರಕ್ಕೆ ಬಂದಿಳಿದವನಿಗೆ ಆ ಗುಂಪು ಇದೆಯೆಂದೇ ಕಾಣುವುದಿಲ್ಲ. ಒಳಗಿನವರೊಬ್ಬರು ಅವನ ಸಂಖ್ಯೆಯನ್ನು ಸೇರಿಸಬೇಕು. ಸೇರಿಸಬೇಕಾದರೆ ಅವನ ಪರಿಚಯವಿರಬೇಕು. ಸಂಘದ ಹಳೆಯ ತೊಡಕಿಗೇ ನಾವು ಮರಳಿದ್ದೇವೆ. ನಮ್ಮ ಸಂಘಗಳ ಸಭೆಗಳಲ್ಲಿ ತರುಣರು ಬರುತ್ತಿಲ್ಲವೆಂಬ ದೂರು ಪ್ರತಿ ವಾರ್ಷಿಕ ಸಭೆಯ ನಡಾವಳಿಯಲ್ಲೂ ದಾಖಲಾಗುತ್ತದೆ. ಬರುವ ದಾರಿ ಯಾವುದೆಂದು ಯಾರೂ ಕೇಳುವುದಿಲ್ಲ.

ದಾಖಲೆಯ ಮಾತು ಬಂದದ್ದರಿಂದ ಅದನ್ನೂ ಹೇಳಬೇಕು. ಸರ್ಕಾರಿ ಕಡತವೊಂದನ್ನು ನಾಶಮಾಡಲು ನಮ್ಮ ಕಚೇರಿಗಳಲ್ಲಿ ಎಷ್ಟು ವಿಧಿಗಳಿವೆ ಎಂಬುದು ಅಲ್ಲಿ ದುಡಿದವರಿಗೆ ಗೊತ್ತು. 1993ರ ಸಾರ್ವಜನಿಕ ದಾಖಲೆಗಳ ಕಾಯಿದೆಯ ಪ್ರಕಾರ 1892ಕ್ಕಿಂತ ಹಿಂದಿನ ಕಾಗದವೊಂದನ್ನು, ಅದು ಓದಲಾಗದಷ್ಟು ಹಾಳಾದ ಹೊರತು, ಯಾರೂ ನಾಶಮಾಡುವಂತಿಲ್ಲ. ಪೆನ್ಸಿಲ್ ಖರೀದಿಯ ಕಡತಕ್ಕೂ ಇಷ್ಟು ವರ್ಷ ಎಂಬ ಆಯುಷ್ಯ ನಿಗದಿಯಾಗಿರುತ್ತದೆ. ಆರ್ಕುಟ್ಟನ್ನು ಮುಚ್ಚುವಾಗ ಗೂಗಲ್ ಅಲ್ಲಿನ ಸಮುದಾಯಗಳ ಚರ್ಚೆಗಳನ್ನು ಒಂದು ಸಂಗ್ರಹವಾಗಿ ಇರಿಸಿತು: 5 ಕೋಟಿ 10 ಲಕ್ಷ ಸಮುದಾಯಗಳು, 12 ಕೋಟಿ ಚರ್ಚೆಗಳು, 100 ಕೋಟಿಗೂ ಮಿಕ್ಕಿ ಸಂದೇಶಗಳು. ಕೆಲವು ವರ್ಷಗಳ ನಂತರ ಆ ಸಂಗ್ರಹವನ್ನೂ ತೆಗೆದುಹಾಕಲಾಯಿತು. ಹೊರನಾಡ ಸಂಘಗಳು ಪತ್ರವ್ಯವಹಾರಕ್ಕೆ ನೆಚ್ಚಿಕೊಂಡಿದ್ದ ಯಾಹೂ ಗ್ರೂಪ್ಸ್ 2019ರ ಕೊನೆಯಲ್ಲಿ ಹಳೆಯ ಸಂದೇಶಗಳ ಭಂಡಾರವನ್ನು ಬರಿದುಮಾಡಲು ಆರಂಭಿಸಿ 2020ರ ಡಿಸೆಂಬರಿನಲ್ಲಿ ಪೂರ್ತಿ ಮುಚ್ಚಿತು. 2001ರಿಂದ 2014ರವರೆಗಿನ ಹೊರನಾಡ ಕನ್ನಡಿಗರ ಬದುಕನ್ನು ಮುಂದೆ ಯಾರಾದರೂ ಬರೆಯಹೊರಟರೆ ಸ್ಮರಣಸಂಚಿಕೆಗಳ ಜಾಹೀರಾತು ಪುಟಗಳನ್ನು ಬಿಟ್ಟರೆ ಅವರ ಕೈಗೆ ಸಿಗುವುದು ಬಹಳ ಕಡಿಮೆ. 1926ರ ನಡಾವಳಿ ಪುಸ್ತಕಕ್ಕೆ ಹೆಚ್ಚೆಂದರೆ ಗೆದ್ದಲು ಹಿಡಿದೀತು. 2006ರ ಚರ್ಚೆಗೆ ಆ ಭಾಗ್ಯವೂ ಇಲ್ಲ.

ಯೂಸ್‌ನೆಟ್ಟಿಗೆ ಈ ಗತಿ ಬಾರದಂತೆ ತಡೆದದ್ದು ಯಾವ ಸಂಸ್ಥೆಯ ನಿರ್ಧಾರವೂ ಅಲ್ಲ. ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಗಣಕಗಳನ್ನು ನೋಡಿಕೊಳ್ಳುತ್ತಿದ್ದ ಹೆನ್ರಿ ಸ್ಪೆನ್ಸರ್ 1981ರಿಂದ ಹತ್ತು ವರ್ಷ ಅಲ್ಲಿಗೆ ಬಂದ ಸಂದೇಶಗಳನ್ನು 141 ಕಾಂತೀಯ ಟೇಪುಗಳಲ್ಲಿ ತುಂಬಿ ಇಟ್ಟಿದ್ದರು. 2001ರಲ್ಲಿ ಗೂಗಲ್ ಯೂಸ್‌ನೆಟ್ಟಿನ 20 ವರ್ಷಗಳ ಸಂಗ್ರಹವನ್ನು ಪ್ರಕಟಿಸಿದಾಗ ಅದರ ಮೊದಲ ದಶಕ ಬಹುಮಟ್ಟಿಗೆ ಆ ಟೇಪುಗಳಿಂದಲೇ ಬಂದದ್ದು.

ನಮ್ಮ ಬಳಗದ ಹಿರಿಯರೊಬ್ಬರಿಗೂ ಮುದ್ರಿಸಿಡುವ ಚಟವಿತ್ತು. 2006 ಮತ್ತು 2007ರಲ್ಲಿ ತಾವು ಭಾಗವಹಿಸಿದ ಕನ್ನಡ ಸಮುದಾಯವೊಂದರ ಚರ್ಚೆಗಳ 43 ಹಾಳೆಗಳು ಅವರ ಕಪಾಟಿನಲ್ಲಿದ್ದವು. ಈಗ ನಮ್ಮ ಕೈಗೆ ಬಂದಿವೆ. ಎಲ್ಲವೂ ರೋಮನ್ ಲಿಪಿ. ಮೊದಲ ಹಾಳೆಯಲ್ಲಿ ಯುಗಾದಿಗೆ ದೆಹಲಿಯಲ್ಲಿ ಬೇವಿನ ಹೂ ಎಲ್ಲಿ ಸಿಕ್ಕೀತೆಂದು ಹೊಸದಾಗಿ ಬಂದ ಗೃಹಿಣಿಯೊಬ್ಬರು ಕೇಳಿದ್ದಾರೆ. ಹನ್ನೊಂದು ಉತ್ತರಗಳಿವೆ. ಇಲ್ಲಿನ ಬೇವು ಯುಗಾದಿಯ ಹೊತ್ತಿಗೆ ಹೂ ಬಿಟ್ಟಿರುವುದಿಲ್ಲ, ಚಿಗುರೆಲೆಯಲ್ಲೇ ಸುಧಾರಿಸಿಕೊಳ್ಳಿ ಎಂದು ಒಬ್ಬರು. ನಮ್ಮ ಕಾಲೊನಿಯ ಹಿಂದೆ ಮರವಿದೆ, ಬಂದು ಕಿತ್ತುಕೊಳ್ಳಿ ಎಂದು ಮನೆ ನಂಬರಿನ ಸಮೇತ ಇನ್ನೊಬ್ಬರು. ಈ ಹಾಳೆಗಳನ್ನು ಕನ್ನಡ ಲಿಪಿಗೆ ಇಳಿಸುವ ಕೆಲಸವನ್ನು ನಾವು ನಾಲ್ವರು ಹಂಚಿಕೊಂಡಿದ್ದೇವೆ. ಬರೆದವರ ಒಪ್ಪಿಗೆಯಿಲ್ಲದೆ ಪ್ರಕಟಿಸುವುದು ಸರಿಯಲ್ಲ; ಒಪ್ಪಿಗೆ ಕೇಳೋಣವೆಂದರೆ ಅರ್ಧಕ್ಕಿಂತ ಹೆಚ್ಚು ಮಂದಿಯ ನಿಜವಾದ ಹೆಸರು ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ.